ಅಕ್ಕನ ಕಂಪ್ಯೂಟರಿನ ಹೆಸರು

ಆ ಸರಕು ಸಾಗಣೆ ಕಚೇರಿಯಲ್ಲಿ ಪ್ರತಿ ಕಂಪ್ಯೂಟರಿಗೂ ಅದರ ಮುಂದೆ ಕೂರುವವರ ಹೆಸರನ್ನೇ ಇಡುತ್ತಿದ್ದರು. ಯಾವ ಪುಣ್ಯಾತ್ಮ ಶುರು ಮಾಡಿದನೋ, ಯಾರಿಗೂ ನೆನಪಿಲ್ಲ. ಪರದೆಯ ಮೂಲೆಯಲ್ಲಿ ಆ ಹೆಸರು ಸಣ್ಣದಾಗಿ ಕಾಣುತ್ತಿತ್ತು. ಯಾರನ್ನಾದರೂ ಕೆಲಸದಿಂದ ತೆಗೆದರೆ ಎದುರಿಗೆ ಕರೆದು ಹೇಳುವಷ್ಟು ಗುಂಡಿಗೆ ಮ್ಯಾನೇಜರಿಗೆ ಇರಲಿಲ್ಲ. ಕಂಪ್ಯೂಟರಿನ ಹೆಸರು ಬದಲಾಯಿಸಲು ಹೇಳಿ ಕೈತೊಳೆದುಕೊಳ್ಳುತ್ತಿದ್ದ. ಬೆಳಗ್ಗೆ ಬಂದವರು ಮೂಲೆಯಲ್ಲಿ ಇನ್ನೊಬ್ಬರ ಹೆಸರು ಕಂಡರೆ ಊಟದ ಡಬ್ಬಿ ಎತ್ತಿಕೊಂಡು ಹೊರಡಬೇಕು.

ಹೆಸರು ಬದಲಾಯಿಸುತ್ತಿದ್ದವನಿಗೆ ಹಿಂದಿನ ಉಗ್ರಾಣದ ಕೋಣೆಯಲ್ಲಿ ಒಂದು ಮೇಜು. ಅವನ ಅಕ್ಕ ಅದೇ ಕಚೇರಿಯಲ್ಲಿ ಯಾವ ಲಾರಿ ಎಲ್ಲಿಗೆ ಹೋಗಬೇಕೆಂದು ನೋಡಿಕೊಳ್ಳುತ್ತಿದ್ದಳು. ಅವನಿಗೆ ಕೆಲಸ ಕೊಡಿಸಿದವಳೂ ಅವಳೇ. ಹಾಗಾಗಿ ಎಲ್ಲರಿಗೂ ಅವನು ತಮ್ಮ. ಬೆನ್ನ ಹಿಂದೆ ಮಾತ್ರ ಯಮನ ಗುಮಾಸ್ತ.

ಯಮನಷ್ಟು ಓಡಾಟವೂ ಅವನಿಗಿರಲಿಲ್ಲ. ಕೂತಲ್ಲೇ ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ದೂರದ ಗೋದಾಮಿನ ಕಂಪ್ಯೂಟರಿಗೂ ಹೊಸ ಹೆಸರು. ಸಾಲಿನ ಕೊನೆಗೆ ಇನ್ನೊಂದು ಪದ ಸೇರಿಸಿದರೆ ಅದು ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಆಗಲೇ ಹೊಸ ಹೆಸರು ಕಾಣುವುದು. ಸೇರಿಸದಿದ್ದರೆ, ಯಾರಾದರೂ ಆಫ್ ಮಾಡುವ ತನಕ ಹಳೆಯ ಹೆಸರೇ.

ಆ ಸೋಮವಾರ ಮ್ಯಾನೇಜರ್ ಎರಡು ಹೆಸರು ಕಳಿಸಿದ. ತಮ್ಮನ ಕಂಪ್ಯೂಟರಿಗೆ ‘ಖಾಲಿ’ ಎಂದು. ಅಕ್ಕನ ಕಂಪ್ಯೂಟರಿಗೆ ತಮ್ಮನ ಹೆಸರು. ಇನ್ನು ಇಬ್ಬರ ಕೆಲಸವನ್ನೂ ಅವನೊಬ್ಬನೇ ಅಕ್ಕನ ಕುರ್ಚಿಯಲ್ಲಿ ಕೂತು ಮಾಡಬೇಕು.

ತನ್ನದನ್ನು ಬದಲಾಯಿಸಿದ. ಅಕ್ಕನದಕ್ಕೂ ಸಾಲು ಟೈಪ್ ಮಾಡಿದ, ಕೊನೆಯ ಪದ ಬಿಟ್ಟ. ಮ್ಯಾನೇಜರನ ಮನಸ್ಸು ತಿರುಗಿಸಲು ಒಂದೆರಡು ದಿನವಾದರೂ ಸಿಗಲಿ ಎಂದು. ಆಮೇಲೆ ಅವಳ ಮೇಜಿನ ಹತ್ತಿರ ಹೋಗಿ, “ಅಕ್ಕ, ಇದನ್ನ ಆಫ್ ಮಾಡ್ಬೇಡ. ಒಳಗೇನೋ ಕೆಲಸ ನಡೀತಿದೆ” ಎಂದ.

“ಆಯ್ತಪ್ಪ” ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ನನ್ನ ಗೆಳತಿ ಅವರ ಕಚೇರಿಗೆ ಕರೀತಿದ್ದಾಳೆ. ಬರ್ತೀಯೋ ಇಲ್ವೋ ಬೇಗ ಹೇಳು ಅಂದಿದ್ದಾಳೆ. ನಿನಗೆ ಎಲ್ಲಾ ಮೊದಲೇ ಗೊತ್ತಾಗತ್ತಲ್ಲ, ನನ್ನ ಹೆಸರಿಗೇನೂ ಸಂಚಕಾರ ಇಲ್ಲ ತಾನೆ?”

ಅವನು ಪರದೆಯ ಮೂಲೆ ನೋಡಿದ. “ನಿನ್ನ ಹೆಸರು ಹಾಗೇ ಇದೆಯಲ್ಲ ಅಕ್ಕ” ಎಂದ. ಆ ಹೊತ್ತಿಗೆ ಅದು ಸುಳ್ಳೂ ಆಗಿರಲಿಲ್ಲ. ಇಂಥ ನಿಜ ಹೇಳುವವರ ನಾಲಿಗೆ ಸೇದಿಹೋಗಬೇಕು.

ಮರುದಿನ ಮ್ಯಾನೇಜರ್ ಹತ್ತಿರ ಗೋಗರೆದ. “ಇಬ್ಬರಲ್ಲಿ ಒಬ್ಬರು. ನೀನು ಹೋಗ್ತೀಯಾ?” ಎಂದು ಮ್ಯಾನೇಜರ್ ಕೇಳಿದ. ತಮ್ಮ ಮೆಲ್ಲಗೆ ಬಾಗಿಲ ಕಡೆ ಸರಿದ. ಹೊರಗೆ ಬಂದವನು ಗೋಡೆಗೊರಗಿ ನಿಂತ. ಗೆಳತಿ ಕರೆದ ಕಡೆಗೆ ಹೋಗು ಎಂದಾದರೂ ಹೇಳಬೇಕು ಎಂದುಕೊಂಡು ಅಕ್ಕನ ಮೇಜಿಗೆ ನಡೆದ.

ಅವಳು ಡ್ರೈವರೊಬ್ಬನಿಗೆ ಫೋನಿನಲ್ಲಿ ದಾರಿ ಹೇಳಿ ಮುಗಿಸಿದಳು.

“ಅಕ್ಕ, ಆ ಗೆಳತಿಗೆ ಬರ್ತೀನಿ ಅಂತ ಹೇಳ್ಬಿಡು.”

“ನಿನ್ನೆ ರಾತ್ರಿನೇ ಬೇಡ ಅಂದ್ಬಿಟ್ಟೆ ಕಣೋ. ನೀನು ಹೇಳಿದ ಮೇಲೆ ಇನ್ನೇನು. ಅವಳೂ ಬೆಳಗ್ಗೆನೇ ಬೇರೆ ಯಾರನ್ನೋ ತಗೊಂಡ್ಳಂತೆ.” ಅವನ ಮುಖ ನೋಡಿ ನಕ್ಕಳು. “ಇಲ್ಲಿ ನೀನಿದ್ದೀಯ. ಅಲ್ಲಿ ನನಗೆ ಯಾರಿದ್ದಾರೆ?”

ಅವನ ಕಣ್ಣು ಪರದೆಯ ಮೂಲೆಗೆ ಹೋಯಿತು. ಅವಳೂ ಅತ್ತ ತಿರುಗಿದಳು.

“ಇದೊಂದು ಬಸವನ ಹುಳು ಆಗೋಗಿದೆ. ಬೆಳಗ್ಗೆಯಿಂದ ಒಂದು ಲಾರಿ ಲೆಕ್ಕನೂ ಹತ್ತಿಸೋಕಾಗ್ತಿಲ್ಲ. ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ? ನಿನ್ನ ಕೆಲಸ ಮುಗೀತಲ್ಲ?”

ಬೇಡ ಎನ್ನಲು ಈಗ ಯಾವ ಕಾರಣವೂ ಉಳಿದಿರಲಿಲ್ಲ. ಅವಳು ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು, ಮತ್ತೆ ಬೆಳಗಿತು. ಮೂಲೆಯಲ್ಲಿ ತಮ್ಮನ ಹೆಸರು.

ಅಕ್ಕ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದಳು. ಥಟ್ಟನೆ ಎದ್ದು ಮ್ಯಾನೇಜರನ ಗಾಜಿನ ಕೋಣೆಗೆ ಬೆನ್ನು ಹಾಕಿ, ಪರದೆಗೆ ಅಡ್ಡವಾಗಿ ನಿಂತಳು.

“ಏನೋ ಇದು, ನನ್ನ ಮಿಷಿನಿಗೆ ನಿನ್ನ ಹೆಸರು ಹಾಕ್ಬಿಟ್ಟಿದ್ದೀಯ” ಎಂದು ಪಿಸುಗುಟ್ಟಿದಳು. “ಅವನ ಕಣ್ಣಿಗೆ ಬಿದ್ರೆ ನಿನ್ನ ಕೆಲಸ ಹೋಗತ್ತೆ. ಕೂತ್ಕೊ, ಬೇಗ ಸರಿ ಮಾಡು. ನಾನು ಮರೆಯಾಗಿ ನಿಂತಿರ್ತೀನಿ.”