ಗುಜರಿ ಪ್ರೇಮಾನಂದ ಬರುವುದರೊಳಗೆ

ನನಗೆ ಸಿಟ್ಟು ಬೇಗ ಬರುತ್ತದೆ. ಬಂದಷ್ಟೇ ಬೇಗ ಹೋಗುತ್ತದೆ ಎಂದು ನಾನು ಹೇಳಿಕೊಳ್ಳುತ್ತೇನೆ, ನನ್ನ ಗಂಡ ಜಿತೇಂದ್ರ ಮಾತ್ರ ಆ ಮಾತಿಗೆ ಈವರೆಗೆ ಹೂಂ ಅಂದಿಲ್ಲ. ಈ ಸಲದ ಸಿಟ್ಟಿಗೆ ಸರಿಯಾದ ಕಾರಣವೇ ಇತ್ತು. ಮೇ ತಿಂಗಳು ಮುಗಿಯುತ್ತಾ ಬಂದಿತ್ತು, ಮಳೆ ಯಾವ ದಿನ ಬೇಕಾದರೂ ಬರಬಹುದಿತ್ತು, ಮಳೆಗಾಲಕ್ಕೆ ಮಾರಬೇಕಾದ ಒಣಮೀನೆಲ್ಲ ಅಂಗಳದಲ್ಲೇ ಹರಡಿತ್ತು. ಅದನ್ನು ತುಂಬಿಡಬೇಕಾದ ಶೆಡ್ಡಿನಲ್ಲಿ ಇವರ ಬೈಕು ಮಲಗಿತ್ತು.

ಬೈಕು ಅಂದರೆ ಕುಂದಾಪುರ ಪೇಟೆಗೆ ಹೋಗಿಬರುವ ಬೈಕಲ್ಲ. ಲೈಟಿಲ್ಲ, ಹಾರ್ನಿಲ್ಲ, ಹಿಂದೆ ಕೂರುವವರಿಗೆ ಸೀಟೇ ಇಲ್ಲ. ಮಣ್ಣಿನ ದಿಬ್ಬ ಹಾರಿಸಲೆಂದೇ ಕಟ್ಟಿದ ಟೂ-ಸ್ಟ್ರೋಕ್ ಡರ್ಟ್ ಬೈಕು. ಒಂದು ಕಾಲದಲ್ಲಿ ಶಿರೂರಿನಿಂದ ಬ್ರಹ್ಮಾವರದವರೆಗೆ ಯಾವ ಗದ್ದೆಯಲ್ಲಿ ರೇಸ್ ಇದ್ದರೂ ಇವರು ಅದನ್ನು ಟೆಂಪೋಗೆ ಏರಿಸಿಕೊಂಡು ಹಾಜರಾಗುತ್ತಿದ್ದರು. ಗೆದ್ದ ಕಪ್ಪುಗಳಲ್ಲಿ ದೊಡ್ಡದರೊಳಗೆ ನನ್ನ ಅತ್ತೆ ಪ್ರಭಾವತಿ ಕಲ್ಲುಪ್ಪು ತುಂಬಿಟ್ಟಿದ್ದಾರೆ.

ಅಷ್ಟು ದಿಬ್ಬ ಹಾರಿದ ಮನುಷ್ಯ ಬಲಮೊಣಕಾಲು ಮುರಿದುಕೊಂಡದ್ದು ನಮ್ಮದೇ ಅಂಗಳದಲ್ಲಿ, ಬಂಗುಡೆ ತೊಳೆದ ನೀರಿಗೆ ಜಾರಿ. ಅಲ್ಲಿಗೆ ದೋಣಿಗೆ ಹೋಗುವುದು ನಿಂತಿತು, ಬೈಕು ಹತ್ತುವುದೂ ನಿಂತಿತು. ಈಗ ಮರವಂತೆಯ ದೋಣಿಗಳ ಎಂಜಿನ್ನು ರಿಪೇರಿ ಮಾಡುತ್ತಾರೆ, ಕೈ ಚುರುಕಾಗಿದೆ, ಊಟಕ್ಕೇನೂ ಕೊರತೆಯಿಲ್ಲ. ಆದರೆ ಮಾತಿಗೊಂದು ತಮಾಷೆ ಹಾರಿಸುತ್ತಿದ್ದವರು ಈ ನಾಲ್ಕು ವರ್ಷ ಸಂಜೆಯಾದರೆ ಶೆಡ್ಡಿನ ಬಾಗಿಲಲ್ಲಿ ಕುಳಿತು ಆ ಬೈಕನ್ನು ನೋಡುತ್ತಿದ್ದರು. ಮುಟ್ಟುವುದಿಲ್ಲ, ಮಾರುವುದಿಲ್ಲ, ಸುಮ್ಮನೆ ನೋಡುವುದು. ಒಣಮೀನಿಗಿಂತ ಹೆಚ್ಚಾಗಿ ನನ್ನ ಹೊಟ್ಟೆ ಉರಿಸುತ್ತಿದ್ದುದು ಅದೇ.

ಕಡೆಗೊಂದು ಸಂಜೆ ಅಂದೇಬಿಟ್ಟೆ.

"ಒಂದೋ ಅದನ್ ಸ್ಟಾರ್ಟ್ ಮಾಡಿ, ಇಲ್ದಿರೆ ಗುಜರಿಗೆ ಕೊಡಿ. ಹೀಂಗೆ ಹೆಣ ಕಾದಂಗೆ ಕಾಯ್ಬೇಡಿ."

ಇವರು ತಲೆ ಎತ್ತಿದರು. "ಸ್ಟಾರ್ಟ್ ಆರೆ?"

"ಆರೆ ಅದ್ ಅಲ್ಲೇ ಇರ್ಲಿ. ಒಣಮೀನ್ ನಮ್ಮ್ ಮಂಚದಡಿಗೆ ಇಡ್ತೆ."

"ಆಯ್ಲಿಲ್ದಿರೆ?"

"ಭಾನ್ವಾರ ಪ್ರೇಮಾನಂದ ಬತ್ತ. ಅವ ಬಪ್ಪುದ್ರೊಳ್ಗೆ ಆಯ್ಲಿಲ್ದಿರೆ ಅವ ಕೊಂಡ್ಹೋತ."

ಪ್ರೇಮಾನಂದ ಗುಲ್ವಾಡಿಯ ಗುಜರಿ ವ್ಯಾಪಾರಿ. ಇವರು ಸ್ವಲ್ಪ ಹೊತ್ತು ಮೊಣಕಾಲು ಸವರಿಕೊಂಡು, "ಮಾತಂದ್ರೆ ಮಾತಾ?" ಅಂದರು. ಮಾತೆಂದರೆ ಮಾತು ಅಂದೆ. ಇವರು ಸಂಜೆಯ ಚಹಾ ಮುಗಿಸದೆ ಎದ್ದುಹೋಗಿ ಬೈಕಿನ ಮೇಲಿನ ಟಾರ್ಪಾಲು ಎಳೆದರು.

ಭಾನುವಾರ ಬೆಳಕು ಹರಿಯುವಷ್ಟರಲ್ಲಿ ಬೈಕು ಅಂಗಳದಲ್ಲಿತ್ತು. ಹಳೆಯ ಪೆಟ್ರೋಲು ಟ್ಯಾಂಕಿನಿಂದ ಕಾಕಂಬಿಯ ಹಾಗೆ ಇಳಿಯಿತು. ಏರ್ ಫಿಲ್ಟರಿನ ಸ್ಪಂಜು ಮುಟ್ಟಿದರೆ ಪುಡಿಯಾಯಿತು, ಅದರ ಹಿಂದೆ ಇಲಿಯೊಂದು ನನ್ನ ಹಳೆಯ ಸೀರೆಯ ಅಂಚಿನಲ್ಲಿ ಬಾಣಂತಿಕೋಣೆ ಮಾಡಿಕೊಂಡಿತ್ತು. ಕಡಲಿನ ಉಪ್ಪುಗಾಳಿ ಚೈನನ್ನು ತಿಂದಿತ್ತು. ಇವರು ಪ್ಲಗ್ಗು ಬಿಚ್ಚಿ, ಆ ತೂತಿನಲ್ಲಿ ಸ್ವಲ್ಪ ಆಯಿಲು ಬಿಟ್ಟು, ಕಿಕ್ಕರನ್ನು ಕೈಯಲ್ಲೇ ನಿಧಾನವಾಗಿ ಒತ್ತಿದರು. ಮೊದಲು ಅಲುಗಲಿಲ್ಲ. ಆಮೇಲೆ ಒಳಗಿನಿಂದ ನಿಟ್ಟುಸಿರಿನಂಥ ಸದ್ದು ಬಂತು.

"ಜೀವ ಇತ್ತ್ ಕಾಣ್!" ಎಂದು ಕೂಗಿದರು. ಆ ದನಿ ಕೇಳದೆ ಎಷ್ಟು ಕಾಲವಾಗಿತ್ತೋ. ನಾನು ಮೀನು ತಿರುವಿಹಾಕುತ್ತಾ ಕೇಳಿಸದವಳ ಹಾಗೆ ಇದ್ದೆ. ಪಂದ್ಯ ಕಟ್ಟಿದವಳು ಎದುರಾಳಿಗೆ ಚಪ್ಪಾಳೆ ತಟ್ಟುತ್ತಾಳೆಯೇ?

ಕಾರ್ಬ್ಯುರೇಟರಿನ ತೂತುಗಳನ್ನು ತಾಮ್ರದ ಎಳೆಯಿಂದ ಚುಚ್ಚಿ ಊದಿದರು. ಪ್ಲಗ್ಗನ್ನು ಉಜ್ಜಿ, ಎಂಜಿನ್ನಿಗೆ ತಾಗಿಸಿ ಕಿಕ್ ಒತ್ತಿದರೆ ನೀಲಿ ಕಿಡಿ ಹಾರಿತು. ಎಲ್ಲ ಜೋಡಿಸಿದ ಮೇಲೆ ಒಳಗೆ ಕೂಗಿ ಹೇಳಿದರು.

"ಅಬ್ಬೇ, ಎಣ್ಣಿ ಕ್ಯಾನ್ ತಕಂಬಾ!"

ಅತ್ತೆ ಕ್ಯಾನು ತಂದುಕೊಟ್ಟರು. ಇವರು ಸುರಿದರು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ. ಬಣ್ಣ ಸರಿಯಾಗಿಯೇ ಇತ್ತು.

ಆಮೇಲೆ ಒದೆಯುವ ಕೆಲಸ. ಕಿಕ್ಕರ್ ಇರುವುದು ಬಲಕ್ಕೆ, ಇವರ ಮುರಿದ ಕಾಲೂ ಬಲದ್ದೇ. ಒಮ್ಮೆ ಒದೆಯುವುದು, ಹಲ್ಲು ಕಚ್ಚುವುದು, ಮತ್ತೆ ಒದೆಯುವುದು. ಬೈಕು ಒಂದು ಸಲ ಕೆಮ್ಮಿ ಬಿಳಿ ಹೊಗೆ ಉಗುಳಿ ಸುಮ್ಮನಾಯಿತು. ಪ್ಲಗ್ಗು ತೆಗೆದರೆ ಒದ್ದೆ. ಒರೆಸಿ ಹಾಕಿದರೆ ಮತ್ತೆ ಒದ್ದೆ. ಕಿಡಿ ಇದೆ, ಒತ್ತಡ ಇದೆ, ಎಣ್ಣೆ ಬರುತ್ತಿದೆ, ಸ್ಟಾರ್ಟ್ ಮಾತ್ರ ಆಗುತ್ತಿಲ್ಲ. ಊರಿನ ಎಂಜಿನ್ನುಗಳನ್ನೆಲ್ಲ ಮಾತಾಡಿಸುವ ಮನುಷ್ಯ ತನ್ನದರ ಮುಂದೆ ಮೂಕರಾಗಿ ನಿಂತರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನನಗೆ ಆಗಲೇ ಪಂದ್ಯ ಗೆಲ್ಲುವ ಆಸೆ ಬತ್ತಿಹೋಗಿತ್ತು, ಆದರೆ ಬಾಯಿಬಿಟ್ಟು ಹೇಳಲು ಬಿಗುಮಾನ.

ಅಷ್ಟರಲ್ಲಿ ಹೆದ್ದಾರಿಯಿಂದ ಗೂಡ್ಸ್ ರಿಕ್ಷಾವೊಂದು ನಮ್ಮ ಓಣಿಗೆ ಇಳಿಯಿತು.

"ಹ್ವಾಯ್! ಗುಜರಿ ಇತ್ತ್ ಅಂದಿದ್ರಲೆ!"

ಪ್ರೇಮಾನಂದ ಹೊಳೆದಂಡೆಯವನು, ಹಸಿಮೀನಾದರೆ ಮುಳ್ಳು ಸಮೇತ ಚೀಪುತ್ತಾನೆ. ಒಣಮೀನಿನ ವಾಸನೆ ಮಾತ್ರ ಅವನಿಗೆ ಆಗುವುದಿಲ್ಲ. ನಮ್ಮ ಅಂಗಳಕ್ಕೆ ಬಂದಾಗಲೆಲ್ಲ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಮೂಗಿಗೆ ಬಿಗಿದುಕೊಂಡೇ ವ್ಯಾಪಾರ ಮಾಡುತ್ತಾನೆ. ಅತ್ತೆ ಕೊಟ್ಟ ಚಹಾವನ್ನೂ ಬೈರಾಸಿನ ಅಡಿಯಿಂದಲೇ ಕುಡಿದ.

ಇವರು ಟ್ಯಾಂಕಿನ ಮೇಲೆ ಒಮ್ಮೆ ಕೈಯಾಡಿಸಿ ಪಕ್ಕಕ್ಕೆ ಸರಿದರು. "ಮಾತಂದ್ರೆ ಮಾತ್. ಕೊಂಡ್ಹೋಗ್ ಮಾರಾಯ," ಅಂದರು. ನನ್ನ ಮುಖ ನೋಡಲಿಲ್ಲ. ನಾನು ತಿರುವಿಹಾಕಿದ ಮೀನನ್ನೇ ಮತ್ತೆ ತಿರುವಿಹಾಕಿದೆ. ಗೆದ್ದವಳಿಗೆ ಹೀಗಾಗುತ್ತದೆಯೆಂದು ಯಾರೂ ಹೇಳಿರಲಿಲ್ಲ.

ಪ್ರೇಮಾನಂದ ಹ್ಯಾಂಡಲಿಗೆ ಹಗ್ಗ ಸುತ್ತಿದ. "ಟ್ಯಾಂಕಿಯಂಗೆ ಎಂತಾರೂ ಇತ್ತಾ? ನನ್ನ್ ಗಾಡಿಯಂಗೆಲ್ಲ ಚೆಲ್ತ್," ಎನ್ನುತ್ತಾ ಮುಚ್ಚಳ ತಿರುಗಿಸಿ, ಬಗ್ಗಿ ನೋಡಲು ಬೈರಾಸು ಕೆಳಗೆ ಸರಿಸಿದ. ಮರುಕ್ಷಣವೇ ಮುಖ ಹಿಂಡಿಕೊಂಡ.

"ಇದೆಂತ ಮರ್ರೆ? ಬೈಕಿಗೆ ಚಿಮಣಿ ಎಣ್ಣಿ ಹಾಕಿರಿ?"

ನಾವು ಮೂವರೂ ಅವನನ್ನು ನೋಡಿದೆವು. ಆಮೇಲೆ ಕ್ಯಾನನ್ನು ನೋಡಿದೆವು. ಆಮೇಲೆ ಇವರು ತಮ್ಮ ಅಮ್ಮನನ್ನು ನೋಡಿದರು.

"ನೀನೇ ಅಲ್ದಾ ಎಣ್ಣಿ ತಕಂಬಾ ಅಂದದ್ದ್?" ಅತ್ತೆಗೆ ಸಿಟ್ಟೇ ಬಂತು. "ಎಣ್ಣಿ ಅಂದ್ರೆ ದೋಣಿ ಎಣ್ಣಿ. ಈ ಮನಿಯಂಗೆ ಬೇರೆ ಎಂತ ಎಣ್ಣಿ ಇತ್ತ್?"

ಅವರ ಮಾತು ನಿಜ. ಇವರ ಕೈಗೆ ರಿಪೇರಿಗೆ ಬರುವ ದೋಣಿ ಎಂಜಿನ್ನುಗಳು ಪೆಟ್ರೋಲಿನಲ್ಲಿ ಎದ್ದು, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವಂಥವು. ಆ ಸೀಮೆಎಣ್ಣೆಗೂ ಟೂ-ಸ್ಟ್ರೋಕ್ ಆಯಿಲ್ ಬೆರೆಸಿಡುತ್ತೇವೆ, ಹಾಗಾಗಿ ಬಣ್ಣವೂ ಪೆಟ್ರೋಲಿನ ಮಿಶ್ರಣದ್ದೇ. ತಣ್ಣಗಿರುವ ಬೈಕು ಅದನ್ನು ಕುಡಿದು ಏಳುವುದು ಸಾಧ್ಯವೇ ಇರಲಿಲ್ಲ. ಇನ್ನು ವಾಸನೆ? ಇವರ ಅಂಗಿಯಲ್ಲಿ, ದಿಂಬಿನಲ್ಲಿ, ಕೆಲವೊಮ್ಮೆ ನನ್ನ ಅನ್ನದ ತಟ್ಟೆಯಲ್ಲಿಯೂ ಅದೇ ವಾಸನೆ. ನಮ್ಮ ಮನೆಯ ಮೂಗುಗಳು ಅದನ್ನು ಲೆಕ್ಕಕ್ಕಿಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಬೈಕು ಸೋತಿರಲಿಲ್ಲ, ಇವರೂ ಸೋತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಾಗದೆ, ಹತ್ತಿರವಿದ್ದವನ ಮೇಲೆ ಹಾಕಿದೆ.

"ಪ್ರೇಮಾನಂದಣ್ಣ, ಹಗ್ಗ ಬಿಚ್ಚ್. ನೀ ಇನ್ನೂ ಬರ್ಲಿಲ್ಲೆ."

ಅವನು ಕಣ್ಣು ಬಿಟ್ಟ. "ಬಂದ್ ಚಾ ಕುಡ್ದ್ ಆಯ್ತಲೆ!"

"ಬರ್ಲಿಲ್ಲೆ ಅಂದೆ. ಹೋಯ್ ರಸ್ತಿಯಂಗೆ ನಿಲ್ಲ್. ಕರದ್ಮೇಲೆ ಬಾ."

ನನ್ನ ಮುಖ ನೋಡಿ ಅವನಿಗೇನನಿಸಿತೋ, ಹಗ್ಗ ಬಿಚ್ಚಿ, ರಿಕ್ಷಾ ಹಿಂದಕ್ಕೆ ತೆಗೆದುಕೊಂಡು ನಿಜವಾಗಿಯೂ ಹೆದ್ದಾರಿಗೆ ಹೋಗಿ ನಿಂತ. ಇವರು ನನ್ನನ್ನು ನೋಡುತ್ತಲೇ ಇದ್ದರು.

"ಎಂತ ಕಾಂತ್ರಿ? ಆ ಎಣ್ಣಿ ಖಾಲಿ ಮಾಡಿ!" ಎಂದು ಗದರಿದೆ.

ನಾನು ಮೀನು ಮಾರಲು ಹೋಗುವ ಸ್ಕೂಟರಿನಿಂದ ಪೈಪು ಹಾಕಿ ಪೆಟ್ರೋಲು ಎಳೆದರು, ಅರ್ಧ ಬಾಯಿಗೆ ಹೋಯಿತು. ಆಯಿಲು ಬೆರೆಸಿದರು. ಟ್ಯಾಂಕು, ಕಾರ್ಬ್ಯುರೇಟರು ಎಲ್ಲ ಖಾಲಿ ಮಾಡಿ ತೊಳೆದು ಅದನ್ನು ತುಂಬಿದರು. ಅತ್ತೆ ತಪ್ಪಿನ ಪ್ರಾಯಶ್ಚಿತ್ತಕ್ಕೆಂಬಂತೆ ಪ್ಲಗ್ಗನ್ನು ದೋಸೆಕಾವಲಿಯ ಮೇಲಿಟ್ಟು ಒಣಗಿಸಿ, ಸೆರಗಿನಲ್ಲಿ ಹಿಡಿದು ತಂದರು.

ಇವರು ಒದ್ದರು. ಬೈಕು ಗುರ್ ಅಂತು. ಇನ್ನೊಮ್ಮೆ ಒದ್ದವರು ಮೊಣಕಾಲು ಹಿಡಿದುಕೊಂಡು ಕೂತೇಬಿಟ್ಟರು.

"ಬದಿಗೆ ಸರೀನಿ," ಅಂದೆ. ಸೀರೆ ಎತ್ತಿ ಸಿಕ್ಕಿಸಿ ಕಾಲಿಟ್ಟೆ. ಮೊದಲ ಒದೆತಕ್ಕೆ ಕಿಕ್ಕರು ತಿರುಗಿ ಬಂದು ನನ್ನ ಮೀನಖಂಡಕ್ಕೇ ಹೊಡೆಯಿತು. ನಾಲ್ಕು ವರ್ಷ ನನ್ನ ಗಂಡನನ್ನು ಬಾಗಿಲಲ್ಲಿ ಕೂರಿಸಿದ್ದಲ್ಲದೆ ನನಗೇ ಹೊಡೆಯುತ್ತದೆ! ಇದ್ದ ಸಿಟ್ಟನ್ನೆಲ್ಲ ಹಿಮ್ಮಡಿಗೆ ತಂದು ಒದ್ದೆ.

ಅಂಗಳ ಸಿಡಿಯಿತು. ಕೋಳಿಗಳು ಬಾವಿಕಟ್ಟೆಗೆ ಹಾರಿದವು, ಅತ್ತೆ ಕಿವಿ ಮುಚ್ಚಿಕೊಂಡರು, ನೀಲಿ ಹೊಗೆಯಲ್ಲಿ ಒಣಮೀನು ಕಾಣದಾಯಿತು. ಇವರು ಕುಂಟುತ್ತಲೇ ಓಡಿಬಂದು ಆಕ್ಸಿಲರೇಟರು ಹಿಡಿದರು, ಸದ್ದು ಸತ್ತುಹೋಗದ ಹಾಗೆ. ಹಾರಿ ಕೂತರು. ಬಾವಿಯನ್ನು ಒಂದು ಸುತ್ತು ಹಾಕಿ, ಓಣಿಯಲ್ಲಿ ಹೋಗಿ, ಹೆದ್ದಾರಿ ಮುಟ್ಟಿ ತಿರುಗಿ ಬಂದರು. ಬಾಯಿ ತೆರೆದು ನಗುತ್ತಿದ್ದರು. ನನಗೆ ಅಳು ಬಂತು. ಹೊಗೆಗೆ ಎಂದೆ, ಯಾರೂ ಕಾರಣ ಕೇಳಿರಲಿಲ್ಲ.

ದೂರದಿಂದ ಪ್ರೇಮಾನಂದನ ಕೂಗು ಕೇಳಿತು. "ಹ್ವಾಯ್! ಈಗ ಬರ್ಲಾ?"

"ಬಾ ಬಾ, ಊಟಕ್ ಬಾ!" ಎಂದು ಇವರು ಕೂಗಿದರು.

ಸಂಜೆ ಮೋಡ ಕಟ್ಟಿತು. ಒಣಮೀನಿನ ಬುಟ್ಟಿಗಳನ್ನು ಒಂದೊಂದಾಗಿ ಮಲಗುವ ಕೋಣೆಗೆ ಹೊತ್ತು ತಂದು ಮಂಚದಡಿಗೆ ತಳ್ಳಿದೆ. ಮಾತೆಂದರೆ ಮಾತು. ಮಂಚದ ಮೇಲೆ ಮೊಣಕಾಲಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದವರು ನನ್ನನ್ನೇ ನೋಡುತ್ತಾ ಕೇಳಿದರು.

"ವಾಸ್ನಿ ಬತ್ತಾ?"

ನಾನು ಕೊನೆಯ ಬುಟ್ಟಿಯನ್ನು ಕಾಲಿನಿಂದ ಒಳಗೆ ಒತ್ತಿದೆ.

"ಎಂತ ವಾಸ್ನಿ?"