ಪಾರ್ವತಿಬಾಯಿಯ ಬೀಪಿ

ಪಾರ್ವತಿಬಾಯಿಯ ಮಗಳಿಗೆ ಹೇಳುವುದಿಲ್ಲವೆಂದು ಗದಿಗೆಮ್ಮ ಮಾತು ಕೊಟ್ಟು ಮೂರು ವರ್ಷವಾಗಿತ್ತು. ಇದೇ ಅಡುಗೆಮನೆಯಲ್ಲಿ, ಇದೇ ಗ್ಯಾಸಿನ ಉರಿಯ ಮೇಲೆ ಅಂಗೈ ಹಿಡಿದು ಕೊಟ್ಟ ಮಾತು. ಈಗ ಅದೇ ಉರಿಯ ಮೇಲಿಂದ ಅವಳು ನೀರಿನ ಬೋಗುಣಿಯನ್ನು ಸೆರಗಿನಲ್ಲಿ ಹಿಡಿದು ಇಳಿಸುತ್ತಿದ್ದಳು. ಪಾರ್ವತಿಬಾಯಿಯ ಕಡೆಯ ಸ್ನಾನದ ನೀರು.

“ಭಾಳ ಸುಡಬಾರದು ನೋಡವ್ವ,” ಎಂದಳು ಬಾಗಿಲಲ್ಲಿ ನಿಂತ ಶಿವಗಂಗಾ. ತೀರಿಹೋದವಳ ನಾದಿನಿ, ಸುದ್ದಿ ಕೇಳಿದ್ದೇ ಹುಮನಾಬಾದಿನಿಂದ ಕಾರು ಮಾಡಿಕೊಂಡು ಬಂದಿದ್ದಳು.

“ಸುಟ್ಟರ ಅಮ್ಮೋರಿಗೇನು ತಿಳೀತೈತ್ರಿ ಈಗ.”

“ಆಕಿಗಲ್ಲ, ಹಾಕೋರ ಕೈಗಿ. ಬೋಗಾಣಿ ಇಲ್ಲಿಟ್ಟು ನೀ ಹೊರಗ ನಿಲ್ಲು. ಮನಿ ಹೆಣ್ಣುಮಕ್ಕಳು ಹಾಕ್ತೀವಿ.”

“ಇರಲಿ ಅತ್ತಿ,” ಒಳಗಿನಿಂದ ಮಗಳು ಮಂದಾಕಿನಿಯ ದನಿ ಬಂತು. ಅತ್ತು ಅತ್ತು ಒರಟಾದ ದನಿ. “ಅವ್ವನ ಮೈ ನನಕಿಂತ ಆಕಿಗೇ ಗೊತ್ತದ.”

ಹೀಗೆ ಗದಿಗೆಮ್ಮನೂ ಒಳಗೆ ಹೋದಳು. ಮಗಳು ತಲೆಗೆ ಹಾಕಿದಳು, ನಾದಿನಿ ಬೆನ್ನಿಗೆ ಹಾಕಿದಳು, ಗದಿಗೆಮ್ಮ ತೋಳಿಗೆ ಹಾಕಿದಳು. ಒಣಗಿದ ಹೀರೇಕಾಯಿಯ ಹಾಗೆ ಹಗುರವಾದ ತೋಳು. ಆಮೇಲೆ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ, ಕತ್ತು ವಾಲದಂತೆ ಶಾಲು ಕಟ್ಟಿ, ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಬಂದವರನ್ನು ಮಾತಾಡಿಸಲು ಕೂತವಳ ಹಾಗೆ ಕಾಣುತ್ತಿದ್ದಳು ಪಾರ್ವತಿಬಾಯಿ. ಇಷ್ಟು ಜನ ಒಟ್ಟಿಗೆ ಆ ಮನೆಗೆ ಎಂದೂ ಬಂದಿರಲಿಲ್ಲ.

“ಒಂದೇ ಊರಾಗ ಮಗಳು ಅದಾಳ,” ಶಿವಗಂಗಾ ಪಕ್ಕದವಳ ಕಿವಿಗೆ ಹೇಳಿದಳು, ಇಡೀ ಪಡಸಾಲೆಗೆ ಕೇಳುವಷ್ಟು ಮೆಲ್ಲಗೆ. “ಆದರ ಸತ್ತದ್ದು ಕೆಲಸದಾಕಿ ಬಂದು ನೋಡಬೇಕಾತು.”

ಮಂದಾಕಿನಿ ಫೋನು ಎತ್ತಿ ಹಿಡಿದಳು. “ಇಲ್ಲಿ ನೋಡು ಅತ್ತಿ. ಅವ್ವನ ಬೀಪಿ ದಿನಾ ನೋಡೀನಿ. ಮೀಟಿಂಗಿನ್ಯಾಗ ಕುಂತರೂ ನೋಡೀನಿ. ನಿನ್ನೆ ಸಂಜಿಗಿ ನೂರಾ ಇಪ್ಪತ್ನಾಲ್ಕು, ಎಂಬತ್ತು. ಹಸಿರು ಬಂದದ. ಹಸಿರು ಬಂದ ಮ್ಯಾಲ ಮನುಷ್ಯಾ ಏನಂತ ತಿಳೀಬೇಕು?”

“ಫೋನಿನ್ಯಾಗ ನೋಡಿದ್ದು ನೋಡಿದಂಗೇನವ್ವ?”

ಅಡುಗೆಮನೆಯ ಬಾಗಿಲಲ್ಲಿ ನಿಂತ ಗದಿಗೆಮ್ಮನ ಬಲಗೈ ತಾನಾಗಿ ಹೋಗಿ ಅವಳದೇ ಎಡತೋಳನ್ನು ಹಿಡಿದುಕೊಂಡಿತು.

* * *

ಬೀಪಿ ಮಷೀನು ತಂದವಳು ಮಂದಾಕಿನಿಯೇ. ಪಾರ್ವತಿಬಾಯಿಗೆ ಒಮ್ಮೆ ಮೆಟ್ಟಿಲಲ್ಲಿ ತಲೆ ತಿರುಗಿ ಬಂದಿತ್ತು, ಅಷ್ಟೇ.

ಸುಲ್ತಾನ್ ಬಜಾರಿನ ಅಂಗಡಿಗಳ ಸೀರೆಗೆ ಫಾಲ್ ಹಚ್ಚಿ ಹಚ್ಚಿ ಮಗಳನ್ನು ಓದಿಸಿದ ಹೆಂಗಸು ಅವಳು. ಗಂಡ ತೀರಿದ ಮೇಲೆ ಮಿಯಾಪುರದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬಳೇ ಉಳಿದಳು. ಹಿಮಾಯತ್‌ನಗರದ ಮಗಳ ಮನೆಯಲ್ಲಿ ಮಗಳ ಅತ್ತೆ ಮಾವ ಇದ್ದರು. ಇನ್ನೊಂದು ಮಂಚಕ್ಕೆ ಜಾಗವಿರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಎಲ್ಲರದೂ ತೆಲುಗು, ಇಲ್ಲವೆ ಹಿಂದಿ. ಕನ್ನಡದಲ್ಲಿ ಜಗಳ ಆಡಬೇಕೆಂದರೂ ಸಿಗುತ್ತಿದ್ದವಳು ಸುರಪುರದ ಕಡೆಯ ಗದಿಗೆಮ್ಮ ಒಬ್ಬಳೇ. ಕಸ, ಮುಸುರೆ ಮುಗಿಸಿದ ಮೇಲೂ ಅವಳನ್ನು ಚಹಾದ ನೆಪದಲ್ಲಿ ಕೂಡಿಸಿಕೊಳ್ಳುತ್ತಿದ್ದಳು.

ಮಷೀನಿಗೆ ಎರಡು ಗುಂಡಿ. ತೋಳಿಗೆ ಪಟ್ಟಿ ಸುತ್ತಿ ಮೇಲಿನದನ್ನು ಒತ್ತಿದರೆ, ಬಂದ ಅಂಕಿ ತಂತಿಯಿಲ್ಲದೆ ಪಾರ್ವತಿಬಾಯಿಯ ಫೋನಿಗೆ ಹಾರಿ, ಅಲ್ಲಿಂದ ಮಂದಾಕಿನಿಯ ಫೋನಿಗೆ ಹೋಗುತ್ತಿತ್ತು. ಕೆಳಗಿನದು ಮನೆಗೆ ಬಂದುಹೋಗುವವರಿಗೆ. ಅದನ್ನು ಒತ್ತಿದರೆ ಅಂಕಿ ಒಂದು ಗಳಿಗೆ ಕಂಡು ಅಳಿದುಹೋಗುತ್ತಿತ್ತು, ಯಾರಿಗೂ ತಲುಪುತ್ತಿರಲಿಲ್ಲ.

ಮೊದಮೊದಲು ದಿನಾ ಸಂಜೆ ಮಗಳ ಫೋನು ಬರುತ್ತಿತ್ತು, “ಚಲೋ ಬಂದದ ಅವ್ವ” ಎಂದು. ಕೆಲವು ದಿನಗಳ ಮೇಲೆ ಫೋನಿನ ಬದಲು ಎತ್ತಿದ ಹೆಬ್ಬೆರಳಿನ ಚಿತ್ರ ಬಂತು. ಆಮೇಲೆ ಅದೂ ಆಗೊಮ್ಮೆ ಈಗೊಮ್ಮೆ. ಮಂದಾಕಿನಿಯದು ತಪ್ಪೆನ್ನುವುದು ಹೇಗೆ? ನಸುಕಿನಲ್ಲೆದ್ದು ಎಲ್ಲರ ಡಬ್ಬಿ ಕಟ್ಟಿ, ಬ್ಯಾಂಕಿನಲ್ಲಿ ದಿನವಿಡೀ ಜನರ ಬಾಯಿಗೆ ಸಿಕ್ಕು, ರಾತ್ರಿ ಮಗಳು ಪಿಂಕಿಯ ಹೋಂವರ್ಕ್ ಮುಗಿಸುವಷ್ಟರಲ್ಲಿ ಕೂತಲ್ಲೇ ತೂಕಡಿಸುವ ಹೆಂಗಸಿಗೆ, ಒಂದು ಕಡೆಯಾದರೂ ಎಲ್ಲ ನೆಟ್ಟಗಿದೆ ಅನ್ನುವ ಹಸಿರು ಗುರುತು ಕಂಡರೆ ಅದಕ್ಕಿಂತ ದೊಡ್ಡ ವರ ಬೇರೆ ಬೇಕಿರಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಗದಿಗೆಮ್ಮ ತಲೆ ಹಿಡಿದುಕೊಂಡು ಕೂತಳು.

“ಏನಾತವ್ವ?”

“ಏನಿಲ್ರಿ, ಬಿಸಲಿಗೆ.”

“ಬಾ ಇಲ್ಲಿ. ತಾ ಕೈ.”

ಪಾರ್ವತಿಬಾಯಿ ಪಟ್ಟಿ ಸುತ್ತಿ, ದಿನದ ರೂಢಿಯಲ್ಲಿ ಮೇಲಿನ ಗುಂಡಿಯನ್ನೇ ಒತ್ತಿಬಿಟ್ಟಳು. ನೂರಾ ಅರವತ್ತೆಂಟು, ನೂರಾ ನಾಲ್ಕು.

“ಯಾಕ್ರಿ ಕೆಂಪಗಾತು? ನನ್ನ ಕೈಯಾಗ ಕೆಟ್ಟೋತೇನು?” ಎಂದು ಗದಿಗೆಮ್ಮ ಗಾಬರಿಯಾಗಿ ಪಟ್ಟಿ ಬಿಚ್ಚುವುದರೊಳಗೆ ಫೋನು ಹೊಡೆದುಕೊಂಡಿತು.

“ಅವ್ವಾ! ಏನು ತಿಂದಿ? ಮಲಕೋ, ಏಳಬ್ಯಾಡ. ನಾ ಬರಲತ್ತೀನಿ.”

ಇದು ನಂದಲ್ಲ, ಗದಿಗೆಮ್ಮಂದು ಎನ್ನಲು ಪಾರ್ವತಿಬಾಯಿ ಬಾಯಿ ತೆರೆದಳು. ತೆರೆದ ಬಾಯಿಂದ ಬಂದದ್ದು, “ಹ್ಞೂಂ, ಬಾ.”

ಮಂದಾಕಿನಿ ರಜೆ ಹಾಕಿ ಪಿಂಕಿಯನ್ನೂ ಕರೆದುಕೊಂಡು ಬಂದಳು. ರಾತ್ರಿ ಉಳಿದಳು. ಅವ್ವನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಫೋನಿನಲ್ಲೇ ಡಾಕ್ಟರರಿಗೆ ತೋರಿಸಿ ಗುಳಿಗೆ ಬರೆಸಿ, ತರಿಸಿಟ್ಟು ಹೋದಳು. ಮರುದಿನ ಪಾರ್ವತಿಬಾಯಿ ಆ ಗುಳಿಗೆಯ ಪಟ್ಟಿಯನ್ನು ಗದಿಗೆಮ್ಮನ ಕೈಯಲ್ಲಿಟ್ಟಳು.

“ತಗೋ. ನಿನ್ನ ಬೀಪಿ ನೋಡಿ ಬರದದ್ದು. ನೀನೇ ನುಂಗು.”

“ನಿಮಗರೀ?”

“ನನಗ ಮಗಳು ಬಂದಿದ್ಲಲ್ಲ.” ಮುದುಕಿ ಹುಡುಗಿಯ ಹಾಗೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಮಂದಾಕಿನಿಗಿ ಹೇಳಬ್ಯಾಡ. ಎಂದೂ ಹೇಳಬ್ಯಾಡ. ನನ್ನ ಮಾನ ಹೋಗ್ತದ. ಮಾತು ಕೊಡು,” ಎಂದಳು.

ಚಹಾ ಕುದಿಯುತ್ತಿತ್ತು. ಗದಿಗೆಮ್ಮ ಉರಿಯ ಮೇಲೆ ಅಂಗೈ ಹಿಡಿದಳು.

ಅಂದಿನಿಂದ ಮೇಲಿನ ಗುಂಡಿ ಗದಿಗೆಮ್ಮನದಾಯಿತು, ಕೆಳಗಿನದು ಪಾರ್ವತಿಬಾಯಿಯದು. ಗುಳಿಗೆ ಹಿಡಿಯಿತು, ಗದಿಗೆಮ್ಮನ ತಲೆನೋವು ಹೋಯಿತು, ಅಂಕಿ ಹಸಿರಾಯಿತು. ಹಸಿರಾದ ಹಾಗೆ ಮಗಳ ಫೋನು ಮತ್ತೆ ತೆಳ್ಳಗಾಯಿತು.

“ನಾಡದು ಪಂಚಮಿ,” ಎಂದಳು ಒಂದು ದಿನ ಪಾರ್ವತಿಬಾಯಿ. “ಎರಡು ದಿನ ಗುಳಿಗಿ ಬಿಡು, ನೋಡೋಣು.”

“ನಿಮ್ಮ ಹಬ್ಬಕ್ಕ ನನ್ನ ತಲಿ ಒಡೀಬೇಕೇನ್ರಿ?”

“ನಿನಗೂ ಉಂಡಿ ಕೊಡ್ತೀನಲ್ಲ ಮಾರಾಯ್ತಿ.”

ಇಬ್ಬರೂ ನೆಲ ಹಿಡಿದು ನಕ್ಕರು. ಅಂಕಿ ಕೆಂಪಾಯಿತು, ಮಂದಾಕಿನಿ ಪಂಚಮಿಗೆ ಬಂದಳು. ತಲೆ ಸಿಡಿಯುತ್ತಿದ್ದರೂ ಗದಿಗೆಮ್ಮನಿಗೆ ಶೇಂಗಾ ಉಂಡಿ ರುಚಿಯೆನ್ನಿಸಿತು.

* * *

ವ್ಯಾನಿನಲ್ಲಿ ಪಾರ್ವತಿಬಾಯಿಯನ್ನು ಹೂವಿನ ಕುರ್ಚಿಯಲ್ಲಿ ಕೂಡಿಸಿ, ಅದರ ಎರಡೂ ಬದಿಗೆ ಹೆಂಗಸರು ಕೂತಿದ್ದರು. ಮಂದಾಕಿನಿ ಗದಿಗೆಮ್ಮನಿಗೆ ಒತ್ತಿಕೊಂಡೇ ಕೂತಿದ್ದಳು. ತೊಡೆಯ ಮೇಲಿನ ಫೋನಿನಲ್ಲಿ ಬೆರಳು ಮೇಲೆ ಕೆಳಗೆ ಓಡುತ್ತಿತ್ತು. ಹಸಿರು, ಹಸಿರು, ನಡುವೆ ಎಲ್ಲೋ ಒಂದು ಕೆಂಪು, ಮತ್ತೆ ಹಸಿರು.

“ಹಾರ್ಟು ಅಂದ ಡಾಕ್ಟರ್,” ಎಂದಳು ತಗ್ಗಿದ ದನಿಯಲ್ಲಿ. “ನಿದ್ದಿಯೊಳಗೇ ನಿಂತದ. ಬೀಪಿ ಕಂಟ್ರೋಲಿನ್ಯಾಗ ಇತ್ತು, ಯಾರಿದ್ದರೂ ಏನೂ ಮಾಡಲಿಕ್ಕೆ ಬರ್ತಿರಲಿಲ್ಲ ಅಂದ. ಹೌದಲ್ಲ ಗದಿಗೆಮ್ಮ?”

ಗದಿಗೆಮ್ಮ ಕಿಟಕಿಯತ್ತ ತಿರುಗಿದಳು. ಮೆಟ್ರೋದ ಕಂಬಗಳು ಒಂದರ ಹಿಂದೊಂದು ಹಿಂದಕ್ಕೆ ಹೋಗುತ್ತಿದ್ದವು. ಮಗಳ ಮನೆಗೂ ತಾಯಿಯ ಮನೆಗೂ ನಡುವೆ ಇದ್ದದ್ದು ಈ ಕಂಬಗಳಷ್ಟೇ. ಒಂದು ತಾಸಿನ ದಾರಿ. ನಿನ್ನೆ ಒಂದು ಮಾತು ಹೋಗಿದ್ದರೆ ರಾತ್ರಿ ಊಟದ ಹೊತ್ತಿಗೆ ಮಗಳು ಬಂದಿರುತ್ತಿದ್ದಳು, ಆಸ್ಪತ್ರೆಗೆ ಒಯ್ದಿರುತ್ತಿದ್ದಳು.

ಹೇಳಿಬಿಟ್ಟರೆ ತನ್ನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಇಳಿದ ಕಲ್ಲು ಎಲ್ಲಿ ಹೋಗಿ ಕೂಡುತ್ತದೆಂಬುದೂ ಗದಿಗೆಮ್ಮನಿಗೆ ಗೊತ್ತಿತ್ತು. ಅದು ಕೂಡುವ ಜಾಗ ಅವಳ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಿತ್ತು.

* * *

ನಿನ್ನೆ ಸಂಜೆ ಗದಿಗೆಮ್ಮ ಹೋದಾಗ ಪಾರ್ವತಿಬಾಯಿ ಮಂಚದ ಅಂಚಿಗೆ ಕೂತು ಕತ್ತಿನ ಹಿಂಭಾಗ ಒತ್ತಿಕೊಳ್ಳುತ್ತಿದ್ದಳು. ಉಸಿರು ಸಣ್ಣಗೆ ಸದ್ದು ಮಾಡುತ್ತಿತ್ತು.

“ಕೆಳಗಿನ ಗುಂಡಿ ಒತ್ತವ್ವ,” ಎಂದಳು.

ಪಟ್ಟಿ ಉಬ್ಬಿತು, ಇಳಿಯಿತು. ಇನ್ನೂರಾ ಆರು, ನೂರಾ ಹದಿನೆಂಟು. ಅಂಥ ಅಂಕಿ ಆ ಮಷೀನಿನಲ್ಲಿ ಇಬ್ಬರೂ ನೋಡಿರಲಿಲ್ಲ.

“ಮಂದಾಕಿನಿ ಅಕ್ಕೋರಿಗೆ ಫೋನ್ ಹಚ್ಚತೀನ್ರಿ.”

“ಬ್ಯಾಡ.”

“ಹಂಗಾರ ಮ್ಯಾಲಿನ ಗುಂಡಿ ಒತ್ತಿ ಇನ್ನೊಮ್ಮಿ ನೋಡೂಣ್ರಿ. ತಾನೇ ಹೊಕ್ಕೈತಿ.”

“ಬ್ಯಾಡ ಅಂದೆನಲ್ಲ. ಪಿಂಕಿಗಿ ಜ್ವರ ಬಿಡವಲ್ದು. ಮುಂಜಾನಿ ಮಾತಾಡಿದಾಗ ಮಂದಾಕಿನಿಗಿ ದನೀನೇ ಇರಲಿಲ್ಲ. ಕೂಸಿನ ಬಾಜೂಕ ಕುಂತು ಕುಂತು ಸೋತಾಳ. ಇವತ್ತೊಂದು ರಾತ್ರಿ ಕಣ್ಣು ಮುಚ್ಚಲಿ. ನಾಳೆ ನಾನೇ ಹೇಳ್ತೀನಿ.”

“ಇಷ್ಟು ದಿನ ಸುಳ್ಳಿಗೆ ಕರಿಸಿದ್ರಿ,” ಗದಿಗೆಮ್ಮನಿಗೆ ಸಿಟ್ಟೇ ಬಂತು. “ಈಗ ಖರೇನ ಬಂದೈತಿ, ಬ್ಯಾಡಂತೀರಿ!”

“ಅವಾಗ ಏನೂ ಆಗಂಗಿಲ್ಲಂತ ನನಗ ಗೊತ್ತಿತ್ತಲ್ಲ ಹುಚ್ಚಿ.”

ಗದಿಗೆಮ್ಮ ಬಾಯಿಗೆ ಬಂದದ್ದನ್ನು ನುಂಗಿ, ತನ್ನ ಸೆರಗಿನ ಗಂಟಿನಲ್ಲಿದ್ದ ಗುಳಿಗೆ ಬಿಚ್ಚಿ ಕೊಟ್ಟಳು. ಪಾರ್ವತಿಬಾಯಿ ಅದನ್ನು ನೀರಿನ ಜೊತೆ ನುಂಗಿ, “ಇವತ್ತು ನನ್ನ ಗುಳಿಗಿ ನನಗ ಬಂತು ನೋಡು,” ಎಂದು ನಗಲು ಹೋಗಿ ಕೆಮ್ಮಿದಳು. ಗೋಡೆಯ ಗಡಿಯಾರ ನೋಡಿದಳು. “ಅಂಕಿ ಹೋಗಲಿಲ್ಲಂದ್ರ ಗಾಬರಿ ಆಗ್ತಾಳ. ತಾ ನಿನ್ನ ಕೈ.”

“ಒಲ್ಲೆ.”

“ಮಾತು ಕೊಟ್ಟೀದಿ.”

ಗದಿಗೆಮ್ಮ ತೋಳು ಚಾಚಿದಳು. ಪಾರ್ವತಿಬಾಯಿಯೇ ಪಟ್ಟಿ ಸುತ್ತಿ, ಮೇಲಿನ ಗುಂಡಿ ಒತ್ತಿದಳು. ನೂರಾ ಇಪ್ಪತ್ನಾಲ್ಕು, ಎಂಬತ್ತು. ಸ್ವಲ್ಪ ಹೊತ್ತಿಗೆ ಹಿಮಾಯತ್‌ನಗರದಿಂದ ಎತ್ತಿದ ಹೆಬ್ಬೆರಳು ಬಂತು. ಮುದುಕಿ ಅದನ್ನು ಫೋನಿನ ಬೆಳಕು ಆರುವವರೆಗೆ ನೋಡಿದಳು, ಒತ್ತಿ ಬೆಳಕು ಮಾಡಿಕೊಂಡು ಮತ್ತೆ ನೋಡಿದಳು.

“ಇಲ್ಲೇ ಮಲಗಲೇನ್ರಿ?”

“ನಿನ್ನ ಗಂಡ ಉಪವಾಸ ಬೀಳ್ತಾನ. ನಡಿ, ನಡಿ. ಬಾಗಿಲ ಎಳಕೊಂಡು ಹೋಗು.”

ಗದಿಗೆಮ್ಮ ಬಾಗಿಲು ಎಳೆದುಕೊಂಡು ಹೋಗಿದ್ದಳು.

* * *

ರುದ್ರಭೂಮಿಯಲ್ಲಿ ಕುಣಿ ತೋಡಿ ಸಿದ್ಧವಿತ್ತು. ಸಮಾಜದ ಹಿರಿಯ ವೈಜನಾಥ ಪಂಚೆ ಎತ್ತಿ ಕಟ್ಟಿಕೊಂಡು ಎಲ್ಲವನ್ನೂ ತಾನೇ ನೋಡುತ್ತಿದ್ದ. “ಮಾರಿ ಈ ಕಡೆ ಮಾಡ್ರಿ. ಸಾವಕಾಶ, ಸಾವಕಾಶ, ನೆಟ್ಟಗ ಕೂಡಲಿ ತಾಯಿ.” ಅಯ್ಯನವರು ಮಂತ್ರ ಹೇಳಿ ಬಿಲ್ವಪತ್ರೆ ಹಾಕಿದರು, ವಿಭೂತಿ ಹಾಕಿದರು. ಆಮೇಲೆ ಉಪ್ಪಿನ ಚೀಲಗಳ ಬಾಯಿ ಬಿಚ್ಚಿದರು.

“ಮೊದಲು ಮಗಳು,” ಎಂದ ವೈಜನಾಥ.

ಮಂದಾಕಿನಿ ಒಂದು ಮುಷ್ಟಿ ತುಂಬಿಕೊಂಡು ಕುಣಿಯ ಅಂಚಿಗೆ ಬಂದಳು, ಹಾಕಲಿಲ್ಲ. “ಮೂರು ವರ್ಷ ಆಕಿಗಿ ಉಪ್ಪು ಬಿಡಿಸಿದ್ದೆ ನಾನು,” ಎಂದಳು, ಯಾರಿಗೆಂದಲ್ಲ. “ಬೀಪಿ ಏರ್ತದಂತ. ಸಪ್ಪನ ಸಾರು ಉಂಡ್ಳು.”

“ಈಗ ಅತ್ತರ ಏನು ಬಂತು,” ಹಿಂದಿನಿಂದ ಶಿವಗಂಗಾ ಮುಂದೆ ಬಂದಳು. ಅವಳ ಕಣ್ಣು ಮಂದಾಕಿನಿಯನ್ನು ದಾಟಿ ಗದಿಗೆಮ್ಮನ ಮೇಲೆ ನಿಂತಿತು. “ಕಡೀಕ ನೋಡಿದಾಕಿ ನೀನೇ ಅಲ್ಲೇನವ್ವ? ಎಲ್ಲಾರೂ ಕೇಳಲಿ, ಹೇಳು. ನಿನ್ನೆ ನಮ್ಮ ವೈನಿ ಹೆಂಗಿದ್ಲು? ಏನರ ತ್ರಾಸ ಅದ ಅಂದಿದ್ಲೇನು? ಮಗಳಿಗಿ ತಿಳಿಸಂತ ಹೇಳಿದ್ಲೇನು?”

ಉಪ್ಪಿನ ಚೀಲ ಹಿಡಿದವರು ಇತ್ತ ನೋಡಿದರು. ಮಂದಾಕಿನಿಯೂ ತಿರುಗಿ ನೋಡಿದಳು. ಅವಳ ಬಿಗಿದ ಮುಷ್ಟಿಯ ಸಂದಿಯಿಂದ ಉಪ್ಪು ಸಣ್ಣಗೆ ಸುರಿಯುತ್ತಿತ್ತು.

ಇನ್ನೂರಾ ಆರು ಗದಿಗೆಮ್ಮನ ನಾಲಿಗೆಯ ತುದಿಗೆ ಬಂತು. ನಾನು ಫೋನ್ ಹಚ್ಚತೀನಂದೆ, ಅವರೇ ಬ್ಯಾಡಂದರು ಎಂದುಬಿಟ್ಟರೆ ಆಯಿತು.

“ಚಲೋ ಇದ್ರರಿ,” ಎಂದಳು. “ಪಿಂಕೀದು ಜ್ವರದ ಮಾತಾಡಿದ್ರು. ನಕ್ಕರು. ಮಷೀನಿನ್ಯಾಗ ನೂರಾ ಇಪ್ಪತ್ನಾಕು ಬಂದಿತ್ತು. ಹಸರು.”

“ನಿನ್ನ ಕಣ್ಣಲೆ ನೋಡೀದೇನು?”

“ನೋಡೀನ್ರಿ.”

ಮಂದಾಕಿನಿಯ ಮುಷ್ಟಿ ಬಿಚ್ಚಿತು. ಶಿವಗಂಗಾ ಬಗ್ಗಿ ತಾನೂ ಒಂದು ಮುಷ್ಟಿ ತೆಗೆದುಕೊಂಡಳು. ಆಮೇಲೆ ಗಂಡಸರು ಚೀಲಗಳನ್ನೇ ಎತ್ತಿ ಸುರಿಯತೊಡಗಿದರು. ಉಪ್ಪು ಪಾರ್ವತಿಬಾಯಿಯ ಮಡಿಲು ತುಂಬಿತು, ಲಿಂಗ ಹಿಡಿದ ಅಂಗೈ ಮುಚ್ಚಿತು, ಮೊಣಕೈ ದಾಟಿ ಬಡಕಲು ತೋಳಿನ ಸುತ್ತ ಬೆಳ್ಳಗೆ ಬಿಗಿಯಾಗಿ ಏರಿತು.

ಗದಿಗೆಮ್ಮ ಕೊಟ್ಟ ಮಾತು ಉಳಿಸಿಕೊಂಡಳು.