ಮುಂಚಕ್ರದ ಬ್ರೇಕ್

ನನ್ನ ಅಣ್ಣ ಆಲ್ಸ್ಟನ್ ಬಹಳ ಒಳ್ಳೆಯವನು ಎಂದು ಒಮಾನಿನಲ್ಲಿ ನಾವಿರುವ ಇಡೀ ರೂವಿ ಪೇಟೆ ಹೇಳುತ್ತದೆ. ಹೇಳಲಿ. ಆ ಒಳ್ಳೆಯತನವೇ ನನ್ನ ಮೈ ಉರಿಸುವುದು.

ವಾರವಿಡೀ ಆಫೀಸಿನಲ್ಲಿ ಲೆಕ್ಕ ಬರೆಯುವ ನಾನು, ಪ್ರಿನ್ಸಿ, ರಜೆಯ ಶುಕ್ರವಾರ ಸೀಬ್ ಪಟ್ಟಣದಾಚೆಯ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ರೇಸಿಗಿಳಿಯುತ್ತೇನೆ. ಗಂಡಸರ ನಡುವೆ ಒಬ್ಬಳೇ. ಬಿದ್ದಿದ್ದೇನೆ, ಭುಜದ ಎಲುಬು ಮುರಿದುಕೊಂಡಿದ್ದೇನೆ, ಹೆಣ್ಣಿಗೆ ಇದೆಲ್ಲ ಯಾಕೆ ಎಂದವರಿಗೆ ಮಣ್ಣು ಮುಕ್ಕಿಸಿದ್ದೇನೆ. ಈ ಸಲ ಫೈನಲ್ ತಲುಪಿದ್ದೆ. ಗೆದ್ದವರಿಗೆ ವಿದೇಶದ ತಂಡದಲ್ಲಿ ಜಾಗ. ಮೂವತ್ತಾರು ದಾಟಿದ ನನಗೆ ಇನ್ನೊಂದು ಅವಕಾಶವಿಲ್ಲವೆಂದು ಅಣ್ಣನಿಗೂ ಗೊತ್ತಿತ್ತು.

ಈ ಪಂದ್ಯದ ಬೈಕಿಗೆ ಮುಂಚಕ್ರದಲ್ಲಿ ಬ್ರೇಕ್ ಇರಕೂಡದು. ಅದು ನಿಯಮ. ಸಡಿಲ ಮಣ್ಣಿನ ತಿರುವಿನಲ್ಲಿ ಹಿಂಚಕ್ರವನ್ನು ಜಾರಲು ಬಿಟ್ಟು, ಎಡಗಾಲು ನೆಲಕ್ಕೆ ಊರಿ ತಿರುಗಬೇಕು. ಅಲ್ಲಿ ಬ್ರೇಕ್ ಬಿದ್ದು ಮುಂಚಕ್ರ ಹಿಡಿದುಕೊಂಡರೆ ನಾವೂ ಬೀಳುತ್ತೇವೆ, ಹಿಂದೆ ಬರುವವನನ್ನೂ ಬೀಳಿಸುತ್ತೇವೆ. ಆದರೆ ಅಣ್ಣ ಗ್ಯಾರೇಜಿನ ಮೆಕ್ಯಾನಿಕ್. ಎರಡೂ ಬ್ರೇಕ್ ಸರಿಯಿಲ್ಲದ ಗಾಡಿ ಬಾಗಿಲು ದಾಟಬಾರದು ಎಂಬುದು ಅವನಿಗೆ ಸಂಜೆಯ ಜಪಸರದ ಪ್ರಾರ್ಥನೆಯಷ್ಟೇ ರೂಢಿ.

ಫೈನಲಿನ ಬೆಳಿಗ್ಗೆ ನಾನು ಇಗರ್ಜಿಗೆ ಹೋಗಿದ್ದಾಗ ಅವನು ಬೈಕಿಗೆ ಮುಂಚಕ್ರದ ಬ್ರೇಕ್ ಜೋಡಿಸಿದ. ಪಿಕಪ್ಪಿನಲ್ಲಿ ತಾರ್ಪಾಲು ಹೊದಿಸಿ ಟ್ರ್ಯಾಕಿಗೆ ತಂದವನೂ ಅವನೇ. ತಪಾಸಣೆಯ ಸಾಲಿನಲ್ಲೇ ನಾನದನ್ನು ನೋಡಿದ್ದು. ಬಿಚ್ಚುವಷ್ಟು ಹೊತ್ತು ಕೊಡಿ ಎಂದು ಅಂಗಲಾಚಿದೆ. ಒಮಾನಿ ಅಧಿಕಾರಿ ಗಡಿಯಾರ ನೋಡಿ ತಲೆಯಲ್ಲಾಡಿಸಿದ, ಪಟ್ಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿದ.

"ಖಲಾಸ್, ಸಿಸ್ಟರ್."

ನಾನು ಅಣ್ಣನ ಕಡೆ ತಿರುಗಿದೆ. "ಎಂತಕ್ಕೆ ಹಾಕಿದ್ದು?"

"ಮಮ್ಮಿ ಫೋನಲ್ಲಿ ಅಳ್ತಾ ಇದ್ರು ಮಾರಾಯ್ತಿ. ಒಂದು ಬ್ರೇಕ್ ಇದ್ರೆ ಜೀವಕ್ಕೆ ಒಳ್ಳೇದಲ್ವಾ? ತಪಾಸಣೆಯವರು ನೋಡ್ಲಿಕ್ಕಿಲ್ಲ ಅಂತ ಗ್ರಹಿಸಿದೆ."

"ಇಷ್ಟು ವರ್ಷ ನನ್ನೊಟ್ಟಿಗೆ ಬಂದದ್ದು ಎಂತ ನೋಡ್ಲಿಕ್ಕೆ?"

"ನೀನು ಬೀಳುದನ್ನೇ ನೋಡಿದ್ದು ನಾನು."

ನನ್ನ ಪಿತ್ತ ನೆತ್ತಿಗೇರಿತು. ನಾನು ಗೆದ್ದದ್ದು ಒಂದೂ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಪಂದ್ಯ ಮುಗಿದು ಟ್ರ್ಯಾಕ್ ಖಾಲಿಯಾದ ಮೇಲೆ ನನ್ನ ಹೆಲ್ಮೆಟನ್ನು ಅವನ ಕೈಗಿಟ್ಟೆ. "ಬೈಕ್ ಹತ್ತು. ಒಂದು ಸುತ್ತು ಹೋಗು. ತಿರುವಿನಲ್ಲಿ ನಿನ್ನ ಬ್ರೇಕ್ ಹಿಡಿ."

"ಬೇಡ ಪ್ರಿನ್ಸಿ."

"ಯಾಕೆ? ಜೀವಕ್ಕೆ ಒಳ್ಳೇದಲ್ವಾ?"

ಅವನು ಹೋದ. ಸ್ಕೂಟರಿನ ವೇಗದಲ್ಲೇ ಹೋದ. ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿದ; ಮುಂಚಕ್ರ ಜಾರಿ ಧೊಪ್ಪನೆ ಬಿದ್ದ. ಮೊಣಕೈ ಸುಲಿದು, ಮಣ್ಣಿನಲ್ಲೇ ಕೂತು, ನನ್ನತ್ತ ನೋಡುತ್ತ ಅಳತೊಡಗಿದ.

ನಾನು ಓಡಿದೆ. ಮೊದಲು ಎತ್ತಿ ನಿಲ್ಲಿಸಿದ್ದು ಬೈಕನ್ನು.